ಎಡಗಡಿ ಕನ್ನಡಿ

ಮಾರ್ಚ್ ೩, ಸೋಮವಾರ

ಇವತ್ತೂ ಒಂಬತ್ತಕ್ಕ ಬಿಟ್ವಿ. ಸೊಸಿ ಪದ್ಮಜಾ ಗಾಡಿ ಹೊಡದ್ಲು, ನಾ ಬಾಜೂ ಸೀಟಿಗೆ. ಅಕೀಗೆ ಹುನಗುಂದ ಕೋರ್ಟಿನಾಗ ನೌಕರಿ, ನನಗ ಅಲ್ಲೇ ತಂಗಿ ಇಂದ್ರಾಬಾಯಿ ಮನಿ. ಸಂಜಿಗೆ ಇಬ್ಬರೂ ಕೂಡೇ ಇಳಕಲ್ಲಿಗೆ ವಾಪಸ್. ಮಗ ವ್ಯಾಸರಾಜಗ ಗಾಡಿ ಬರೂದಿಲ್ಲ. ಕಾಲೇಜಿನಾಗ ನೂರು ಹುಡುಗರಿಗೆ ಪಾಠ ಹೇಳ್ತಾನ, ಸ್ಟಿಯರಿಂಗ್ ಹಿಡದ್ರ ಬೆವರ್ತಾನ. ಅದಕ್ಕ ಈಕೀದು ದರ್ಬಾರು.

ನಮ್ಮ ಓಣಿ ಭಾಳ ಸಣ್ಣದು. ಜಲಾಲುದ್ದೀನನ ಮಗ್ಗದ ಮನಿ ಗ್ವಾಡಿಗೆ ಎಡಗಡಿ ಕನ್ನಡಿ ತಿಕ್ಕಿತ್ತು. ಅವತ್ತಿಂದ ಮಡಚೇ ಇಟ್ಟೇವಿ. ಹೈವೇಕ್ಕ ಬಂದ ಮ್ಯಾಲೆ ಬಿಚ್ಚೂಣು ಅಂತಾಳ. ಯಾಕ, ನಾ ಸತ್ತೇನೇನು? ಎಡಗಡಿ ನಾ ನೋಡಿ 'ಬರ್ಲಿ' ಅಂದ್ರ ತಗೋಬೇಕು, 'ಬ್ಯಾಡ' ಅಂದ್ರ ನಿಂದರಬೇಕು. ಗಾಡಿ ಅಕೀದು, ಖರೆ. ಎಡಗಡಿ ನಂದು.

ಮಾರ್ಚ್ ೬

ಕಬ್ಬಿನ ಟ್ರ್ಯಾಕ್ಟರ್ ಒಂದು ಡಿವೈಡರ್ ಹಿಡದು ಹೊಂಟಿತ್ತು, ಅಪ್ಪನ ಆಸ್ತಿ ಇದ್ದಂಗ. ಪದ್ಮಜಾ ಪಾಠ ಶುರು ಮಾಡಿದ್ಲು — ಸಾವಕಾಶ ಹೋಗಾವರು ಎಡ ಲೇನಿನಾಗ ಹೋಗಬೇಕಂತ, ಬಲಗಡೀದು ದಾಟಲಿಕ್ಕ ಅಷ್ಟೇ ಅಂತ. ಲೇನ್ ಬದಲ ಮಾಡೂಮುಂದ ಇಂಡಿಕೇಟರ್ ಹಾಕಬೇಕು, ಕನ್ನಡಿ ನೋಡಬೇಕು, ತಲಿ ಹೊಳ್ಳಿಸಿ ಒಮ್ಮೆ ಖಾತ್ರಿ ಮಾಡ್ಕೋಬೇಕು. ಡ್ರೈವಿಂಗ್ ಸ್ಕೂಲಿನಾಗ ಕಲಿಸ್ಯಾರ. ಭಾರೀ ಶ್ಯಾಣ್ಯಾಕಿ.

ನಾ 'ಬರ್ಲಿ' ಅಂದ ಮ್ಯಾಲೂ ತಲಿ ಹೊಳ್ಳಿಸಿದ್ಲು. ಮೈ ಉರೀತು. ನನ್ನ ಮಾತಿನ ಮ್ಯಾಲೆ ಭರವಸಾ ಇಲ್ಲಂದ್ರ ಇಲ್ಲೇ ಇಳಿಸು, ಬಸ್ಸಿಗೆ ಹೋಗ್ತೇನಿ ಅಂದೆ. ಕಣ್ಣಾಗ ನೀರು ತಂದ್ಲು. ವಾಪಸ್ ಬರೂಮುಂದ ಒಮ್ಮೆನೂ ಹೊಳ್ಳಿ ನೋಡಲಿಲ್ಲ. ಕಲಿಸಿದ್ರ ಕಲೀತಾಳ.

ಮಾರ್ಚ್ ೧೨

ಬಾಗಲಕೋಟಿ, ಕಣ್ಣಿನ ದವಾಖಾನಿ. ಅಕಿ ಗಾಡಿ ಹಚ್ಚಲಿಕ್ಕೆ ಹೋದಾಗ ಡಾಕ್ಟರ್ ಹೇಳಿದ್ರು. ಗ್ಲಾಕೋಮಾ. ಎಡಗಣ್ಣು ಹೋದಂಗೇ, ಬಲಗಣ್ಣಿಗೂ ಎಡಗಡೀದು ಬರಾಬರಿ ಕಾಣೂದಿಲ್ಲ. ಮನಿಯವರನ್ನ ಕರೀರಿ ಅಂದ್ರು. ಯಾರೂ ಬಂದಿಲ್ಲ ಅಂದೆ.

ಪದ್ಮಜಾಗ ಹೇಳಿದ್ದು — ಚಷ್ಮಾದ ನಂಬರ್ ಬದಲಾಗೇದ, ಅಷ್ಟೇ.

ಹೇಳಿದ್ರ ಏನಾಗ್ತದ, ಗೊತ್ತದ ನನಗ. ಮೊದಲ ಹಿಂದಿನ ಸೀಟು. ಆಮ್ಯಾಲೆ 'ನೀವು ಮನ್ಯಾಗ ಇರ್ರಿ, ದಣೀತೀರಿ'. ಹಪ್ಪಳ ಕಾಯ್ಕೋತ ಕೂಡೂದು. ಇಂದ್ರಾ ಮನಿ ಬಂದ್. ಆಗೂದಿಲ್ಲ. ಕಿವಿ ನೆಟ್ಟಗ ಅದಾವ, ಹಾರ್ನ್ ಕೇಳಸ್ತದ. ಬರೂಮುಂದ ದಾರಿಯುದ್ದಕ್ಕೂ 'ಬರ್ಲಿ' ಅನಕೋತ ಬಂದೆ. ಏನಾತು? ಏನೂ ಆಗಲಿಲ್ಲ.

ಮಾರ್ಚ್ ೨೭

ಆದದ್ದು ಆದಂಗ ಬರೀತೇನಿ.

ಹುನಗುಂದ ಹತ್ರ ಬಂದಿತ್ತು. ಮುಂದಿನ ಟ್ರ್ಯಾಕ್ಟರ್ ದಾಟಿ ಬಲ ಲೇನಿನಾಗ ಇದ್ವಿ. ಸರ್ವಿಸ್ ರೋಡಿಗೆ ಇಳೀಬೇಕು. ಇಂಡಿಕೇಟರ್ ಹಾಕಿದ್ಲು. "ಅತ್ತೀ, ಎಡಕ್ಕ?" ಅಂದ್ಲು. ನಾ ಹೊಳ್ಳಿ ನೋಡಿದೆ. ಬಿಸಲು, ಒಂದಿಷ್ಟು ಬೂದಿ ಬಣ್ಣ. 'ಬರ್ಲಿ' ಅಂದೆ.

ಧಡ್ ಅಂತು.

ಬೈಕಿನ ಹುಡುಗ. ಅಮರೇಶ ಅಂತ, ಹುನಗುಂದದಾಂವ. ಹಾರ್ನ್ ಹೊಡದಿರಲಿಲ್ಲ... ಮೂಳ ಹಾರ್ನ್ ಹೊಡೀಬಾರದೇನು?

ಮಾರ್ಚ್ ೨೮

ಹುಡುಗನ ಬಲಗಾಲು ತೆಗದಾರಂತ, ಮೊಣಕಾಲಿನ ಮ್ಯಾಲೆ.

ಪೊಲೀಸರು ಮನೀಗೆ ಬಂದಿದ್ರು. ಪದ್ಮಜಾ ಹೇಳಿದ್ಲು — ಅತ್ತೀ 'ಬರ್ಲಿ' ಅಂದ್ರು, ನಾ ತಗೊಂಡೆ. ಎಲ್ಲಾರೂ ನನ್ನ ಕಡೆ ನೋಡಿದ್ರು. ವ್ಯಾಸನೂ.

"ನಾ 'ಬ್ಯಾಡ' ಅಂದೆ. ಬೈಕ್ ಬರ್ಲಿಕ್ಕತ್ತದ ಅಂತನೂ ಹೇಳಿದೆ. ಅಕಿ ತಿರುಗಿಸೇಬಿಟ್ಲು."

ಬಾಯಿಂದ ಬಂತು. ಒಮ್ಮೆ ಬಂದ ಮ್ಯಾಲೆ ಅದೇ ಮಾತು ನಿಂತಿತು. ಪದ್ಮಜಾ ನನ್ನ ಮಾರಿ ನೋಡಿದ್ಲು. ಸಿಟ್ಟು ಇರಲಿಲ್ಲ, ತಿಳೀಲಾರದಂಥ ನೋಟ. ತಿಳೀದಿದ್ರ ಛಲೋನೇ ಆತು.

ಏಪ್ರಿಲ್ ೧೯

ಪದ್ಮಜಾನ ಮ್ಯಾಲೆ ಕೇಸ್ ಆಗೇದ. ಲೈಸೆನ್ಸ್ ಹೋತು, ನೌಕರೀಗೂ ಸಂಚಕಾರ. ವ್ಯಾಸ ಹೇಣ್ತಿ ಜೋಡಿ ಮಾತಾಡೂದಿಲ್ಲ. 'ಅವ್ವ ಬ್ಯಾಡ ಅಂದ್ರೂ ಕೇಳಲಿಲ್ಲ, ಒಬ್ಬ ಹುಡುಗನ ಕಾಲು ತಿಂದಿ' ಅಂತಾನ, ಊಟಕ್ಕ ಕೂತಾಗೊಮ್ಮೆ ಅಂತಾನ. ಅಕಿ ತಲಿ ತಗ್ಗಿಸಿ ಬಡಸ್ತಾಳ. ನನಗ ತುಪ್ಪ ಎರಡು ಚಮಚ ಜಾಸ್ತಿನೇ ಹಾಕ್ತಾಳ.

ಪಾಪ ಅನಸ್ತದ, ಸುಳ್ಳು ಹೇಳೂದಿಲ್ಲ. ಆದ್ರ ಅಕೀಗೆ ವಯಸ್ಸದ, ಇನ್ನೊಂದು ನೌಕರಿ ಸಿಗ್ತದ. ನನಗ ಇನ್ನೊಂದು ಕಣ್ಣು ಯಾರು ಕೊಡ್ತಾರ?

ಏಪ್ರಿಲ್ ೨೦, ಸಂಜಿ

ಪದ್ಮಜಾ ಬಂದು ಎದುರಿಗೆ ನಿಂತ್ಲು. ಇಷ್ಟು ದಿನಕ್ಕ ತಾನಾಗಿ ಬಾಯಿ ಬಿಟ್ಟದ್ದು ಇವತ್ತೇ.

"ಅತ್ತೀ, ಒಂದೇ ಮಾತು ಕೇಳ್ತೇನಿ. ಅವತ್ತ ಆ ಹುಡುಗ ನಿಮಗ ಕಂಡಿದ್ನೋ ಇಲ್ಲೋ?"

"ಕಂಡಿದ್ದ. 'ಬ್ಯಾಡ' ಅಂದೆ. ನೀ ಕೇಳಲಿಲ್ಲ."

ಅಳಲಿಲ್ಲ. ಜಗಳಾನೂ ಇಲ್ಲ. ಚಹಾ ತರ್ತೇನಿ ಅಂತ ಒಳಗ ಹೋದ್ಲು. ಮುಗೀತು, ಇನ್ನ ಕೇಳೂದಿಲ್ಲ ಅನ್ಕೊಂಡೆ.

ಚಹಾ ಬರಲೇ ಇಲ್ಲ. ಕೂತೆ, ಕೂತೆ. ಇಷ್ಟಾದ್ರೂ ಸೊಕ್ಕು ಇಳದಿಲ್ಲ ಅಂತ ಸಿಟ್ಟು ನೆತ್ತಿಗೇರಿತು. ವ್ಯಾಸನ್ನ ಕೂಗಿ ಕರದೆ. ಬಂದು ಬಾಗಲದಾಗ ನಿಂತ. ನಿನ್ನ ಹೇಣ್ತಿ ನನಗ ಒಂದು ಕಪ್ಪು ಚಹಾನೂ ಕೊಡೂದಿಲ್ಲ ನೋಡಪಾ, ಒಳಗ ಹೋಗಿ ಕೂತಾಳ, ನನ್ನನ್ನ ಉಪಾಸ ಇಡ್ತಾಳ ಅಂತ ಬಾಯಿಗೆ ಬಂದದ್ದು ಅಂದೆ.

ಅಂವ ಹತ್ರ ಬಂದ.  ಸಣ್ಣ ದನಿಲೆ ಅಂದ:

"ಅವ್ವಾ... ಕಪ್ಪು ನಿನ್ನ ಎಡಗೈ ಹತ್ರಾನ ಅದ. ಕೆನಿ ಕಟ್ಟೇದ."

ಕೈ ಚಾಚಿದೆ. ಸ್ಟೂಲಿನ ಮ್ಯಾಲೆ ಇತ್ತು. ಆರಿತ್ತು.

ಪದ್ಮಜಾ ಎಲ್ಲಿ ಅಂತ ಕೇಳಿದೆ. ವ್ಯಾಸ ನನ್ನ ಎಡಗಡೀನ ನೋಡಕೋತ ನಿಂತಿದ್ದ. "ಇಲ್ಲೇ ಇದ್ದೇನಿ ಅತ್ತೀ," ಅಂತು ಅಕೀ ದನಿ, ಎಡಗಡಿ ಖುರ್ಚಿಯಿಂದ. ಯಾವಾಗಿಂದ ಕೂತಿದ್ಲೋ, ನಾ ಅಂದದ್ದೆಲ್ಲಾ ಕೇಳಿಕೋತ.