ಸುಣ್ಣ ಸಿಡಿದ ಎಲೆ

ನೆರೂಳ, ಸೆಕ್ಟರ್ 20
ತಾ. 9-8-2012

ಚಿ. ಸೌ. ರಮಿತಾಳಿಗೆ ಅತ್ತೆ ವಿನೋದಾ ಮಾಡುವ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ತವರಿನಲ್ಲಿ ಅಮ್ಮನ ಕಷಾಯ ಸಿಗುತ್ತಿರಬಹುದು. ಶುಂಠಿಗಿಂತ ಕಾಳುಮೆಣಸು ಮುಂದಿರಲಿ. ತಂಗಿಯ ಮದುವೆಗೆಂದು ಡೊಂಬಿವಲಿಗೆ ಹೋದವಳು ಮೂರು ತಿಂಗಳಾದರೂ ಬಾರದ್ದರಿಂದ ಮಗ ಹಿತೇಶ ನನ್ನನ್ನು ಕಾರ್ಕಳದಿಂದ ಕರೆಸಿಕೊಂಡ. ಕಾರಣ ಕೇಳಿದರೆ "ಅವಳಿಗೆ ಹಠ" ಎಂದ. ನಾನೂ ಹಾಗೆಯೇ ಎಣಿಸಿದ್ದೆ.

ನೀನು ಬಿಟ್ಟುಹೋದ ಗಿಡದ ವಿಷಯ ಬರೆಯಬೇಕು. ಅದರ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ಕೆಸುವಿನ ಎಲೆಗೆ ಸುಣ್ಣ ಸಿಡಿದ ಹಾಗಿದೆ. ಪತ್ರೊಡೆಗೂ ಆಗದ, ದೇವರಿಗೂ ಏರದ ಇದನ್ನು ಯಾಕೆ ಸಾಕಿದಳೋ ಅಂದುಕೊಂಡೆ. ಆದರೂ ಮನೆಯೊಳಗಿನ ಜೀವ ನನ್ನ ಕಣ್ಣೆದುರು ಸಾಯಬಾರದು. ಮೂಲೆಯಲ್ಲಿಟ್ಟರೆ ಹೊಸ ಎಲೆಗೆ ಬಿಳಿ ಬರುವುದಿಲ್ಲ. ಕಿಟಕಿಗೆ ತಂದರೆ ಎಲೆಗಳೆಲ್ಲ ಗ್ರಿಲ್ಲಿನ ಕಡೆಗೇ ಮುಖ ಮಾಡುತ್ತವೆ. ಕುಂಡ ತಿರುಗಿಸಿಟ್ಟರೆ ನಾಲ್ಕು ದಿನದಲ್ಲಿ ಮತ್ತೆ ಅತ್ತಲೇ. ಗ್ರಿಲ್ಲು, ಪಾರಿವಾಳದ ಬಲೆ, ಅದರಾಚೆ ಪಕ್ಕದ ಕಟ್ಟಡದ ಪೈಪುಗಳು. ದಿನವಿಡೀ ನಾನೂ ಅದನ್ನೇ ನೋಡುತ್ತೇನೆ.

ಹೋದ ವಾರ ಗಿಡ ಸೊರಗಿತೆಂದು ಬಂಗುಡೆ ತೊಳೆದ ನೀರನ್ನು ಒಂದು ತಂಬಿಗೆ ಸುರಿದೆ. ಊರಲ್ಲಿ ನಮ್ಮ ಬಸಳೆಗೆ ಅದೇ ಅಮೃತವಲ್ಲವೇ. ಮಧ್ಯಾಹ್ನದೊಳಗೆ ಮನೆಯಿಡೀ ಮಲ್ಪೆ ಬಂದರಿನ ನಾತ. ಕುಂಡವನ್ನು ಪ್ಯಾಸೇಜಿನಲ್ಲಿಡಲು ಹೋದರೆ ಸರಳುಗಳ ಸೇಫ್ಟಿ ಡೋರಿಗೆ ಹೊರಗಿನಿಂದ ಬೀಗ. ಮೊಣಕಾಲು ನೋವಿನಿಂದ ಹಗಲಲ್ಲಿ ಹೊಸ್ತಿಲು ದಾಟಿದವಳಲ್ಲ. ಆವತ್ತೇ ನನಗೆ ಗೊತ್ತಾದದ್ದು.

ಎದುರು ಮನೆಯ ಲೋಲಾಕ್ಷಿ ಮೂಗಿಗೆ ಸೆರಗು ಹಿಡಿದು ಬಂದಳು. "ಏನು ಮಾಮಿ, ಒಳಗೆ ಮೀನು ಮಾರ್ಕೆಟ್ ತೆಗ್ದಿದ್ದೀರಾ?" ಎಂದು ನಕ್ಕಳು. ಹಿತೇಶ ಮರೆತು ಬೀಗ ಹಾಕಿದ್ದಾನೆ ಎಂದೆ. ಅವಳ ನಗು ನಿಂತಿತು. "ಮರೆತದ್ದಲ್ಲ ಮಾಮಿ. ರಮಿತಾ ಇರುವಾಗ್ಲೂ ಡೈಲಿ ಹೀಗೇ. ಆ ಗಿಡದ ತುಂಡನ್ನೂ ನಾನು ಈ ಸಂದಿನಿಂದ್ಲೇ ಕೊಟ್ಟದ್ದು." ಬೆರಳುದ್ದದ ತುಂಡು ಒಳಗೆ ಬಂದ ಸಂದು. ಈಗ ಅದರ ಒಂದು ಎಲೆಯೂ ಅಲ್ಲಿ ಹಿಡಿಸುವುದಿಲ್ಲ.

ಸಂಜೆ ಮಹಾಪೆಯ ಆಫೀಸಿನಿಂದ ಬಂದವನನ್ನು ಕೇಳಿದೆ. "ಅಮ್ಮ, ಇಲ್ಲಿ ಊರಿನ ಹಾಗಲ್ಲ. ನಿನ್ನ ಸೇಫ್ಟಿಗೇ" ಎಂದು ಟಿವಿ ಹಾಕಿದ. ನಿನ್ನ ಮಾವ ಹೋದ ಮೇಲೆ ಗದ್ದೆ, ಕೊಟ್ಟಿಗೆ, ಕೋರ್ಟು ಎಲ್ಲ ಒಬ್ಬಳೇ ನಡೆಸಿದವಳು ನಾನು. ಹಟ್ಟಿಯ ಕೋಣವನ್ನೂ ಹಗಲಲ್ಲಿ ಬಿಚ್ಚಿಬಿಡುತ್ತೇವೆ. ಅವನಿಗೆ ಊಟ ಬಡಿಸಿದೆ.

ನೀನು ನನಗೊಂದು ಫೋನು ಮಾಡಬಹುದಿತ್ತು. ನನ್ನ ಬಾಯಿ ಜೋರು, ನಿಜ, ಕಿವಿ ಕೆಟ್ಟಿಲ್ಲ.

ಲೋಲಾಕ್ಷಿ ಸಂದಿನಿಂದ ಕೊಟ್ಟ ಮಣ್ಣು ಹಾಕಿ, ಕೊಳೆತ ಬೇರು ಕತ್ತರಿಸಿ ನೆಟ್ಟಿದ್ದೇನೆ. ಸುರುಳಿ ಸುತ್ತಿದ ಹೊಸ ಎಲೆಯೊಂದು ಬರುತ್ತಿದೆ, ಅಂಚಿನಲ್ಲಿ ಬಿಳಿ ಕಾಣುತ್ತದೆ.

ನಿನ್ನ ತಂದೆತಾಯಿಗೆ ನನ್ನ ನಮಸ್ಕಾರ ತಿಳಿಸು. ಒಳ್ಳೆಯದಾಗಲಿ.

ಇತಿ,
ವಿನೋದಾ

ತಾ.ಕ.: ಭಾನುವಾರ ಹಿತೇಶ ಉಂಡು ಮಲಗಿದಾಗ ಲೋಲಾಕ್ಷಿಯ ಕೈಯಲ್ಲಿ ಬೀಗದ ಕೈ ಕೊಟ್ಟು ಸ್ಟೇಷನ್ ಹತ್ತಿರ ಇನ್ನೆರಡು ಮಾಡಿಸಿದೆ. ಅವನಿಗೆ ತಿಳಿಯದು. ಒಂದು ನನ್ನ ಸೊಂಟದಲ್ಲಿದೆ, ಒಳಗಿನಿಂದಲೂ ತಿರುಗುತ್ತದೆ; ಇನ್ನೊಂದು ಈ ಕವರಿನಲ್ಲಿ. ಬರುವುದಾದರೆ ಬೆಲ್ ಒತ್ತಬೇಡ, ನೀನೇ ಬೀಗ ತೆಗೆದು ಬಾ. ಬರುವುದಿಲ್ಲವಾದರೆ ಲೋಲಾಕ್ಷಿಗೆ ತಿಳಿಸು. ಗಿಡ ಎತ್ತಿಕೊಂಡು ನಾನೇ ಹೊರಗೆ ಬರುತ್ತೇನೆ.