ಮೂವತ್ತು ಅಕ್ಷರದ ಜಾಗ

ಹದಿನಾಲ್ಕನೇ ತಾರೀಕು, ಶುಕ್ರವಾರ
ಆಫೀಸಿನ ಊಟದ ಕೋಣೆಯಿಂದ

ಅಮ್ಮಾ,

ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಆಮೇಲೆ. ಮೊದಲು ಇಂಟರ್ನೆಟ್‌ನಲ್ಲಿ ಬರುವ ನಮ್ಮ ಶೂ ಅಂಗಡಿಯ ಜಾಹೀರಾತನ್ನು ನೀನೇ ಒತ್ತುವುದನ್ನು ನಿಲ್ಲಿಸು. ಫೋನಿನಲ್ಲಿ ಹೇಳೋಣವೆಂದರೆ ಈ ವಿಷಯ ತೆಗೆದ ಕೂಡಲೇ ಗಿರಾಕಿ ಬಂದರು ಎಂದು ಇಟ್ಟುಬಿಡುತ್ತೀಯ. ಗಿರಾಕಿಗಳು ಬರುತ್ತಿಲ್ಲ ಎಂಬುದೇ ಅಲ್ಲವೇ ನಮ್ಮ ತೊಂದರೆ? ಅದಕ್ಕೇ ಈ ಕಾಗದ. ಅರ್ಧ ಓದಿ ಎದ್ದುಹೋದರೂ ಮಿಕ್ಕಿದ್ದು ಮೇಜಿನ ಮೇಲೇ ಇರುತ್ತದೆ.

ಇವತ್ತು ಬೆಳಿಗ್ಗೆ ವರದಿ ತೆಗೆದು ನೋಡಿ ಹಣೆ ಚಚ್ಚಿಕೊಂಡೆ. ಜಾಹೀರಾತು ಒಂಬತ್ತಕ್ಕೆ ಶುರುವಾಗುತ್ತದೆ, ಹತ್ತೂವರೆಗೆಲ್ಲ ಆ ದಿನಕ್ಕೆಂದು ಇಟ್ಟ ದುಡ್ಡು ಖಾಲಿ. ಒತ್ತಿದವರೆಲ್ಲ ನಿನ್ನ ಬೀದಿಯ ಕಡೆಯವರೇ. ಪಕ್ಕದ ಟೈಲರ್ ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, ನಿಮ್ಮಮ್ಮನೇ ಹೇಳಿದಾರೆ ಕಣೇ, ದಿನಾ ನಾವೆಲ್ಲ ನಾಲ್ಕು ನಾಲ್ಕು ಸಲ ಒತ್ತುತೀವಿ, ಔಷಧಿ ಅಂಗಡಿಯವರಂತೂ ಬಾಗಿಲು ತೆಗೆದ ತಕ್ಷಣ ಒತ್ತುತಾರೆ ಅಂತ ಹೆಮ್ಮೆಯಿಂದ ಹೇಳಿದರು. ಹೆಚ್ಚು ಒತ್ತಿದಷ್ಟೂ ಹೆಚ್ಚು ಜನಕ್ಕೆ ಕಾಣುತ್ತದೆ ಎಂದು ಎಲ್ಲರಿಗೂ ನಂಬಿಸಿದ್ದೀಯಂತೆ. ಒಬ್ಬರೇ ಕುಟ್ಟುತ್ತ ಕೂತರೆ ಜಾಹೀರಾತು ತೋರಿಸುವ ಕಂಪನಿಯವರು ಕೆಲವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುತ್ತಾರೆ. ಇಡೀ ಬೀದಿಯೇ ಸರದಿಯ ಮೇಲೆ ಒತ್ತಿದರೆ ಅವರಾದರೂ ಏನು ಮಾಡಬೇಕು? ಯಾರು ಒತ್ತಿದರೂ ಪ್ರತಿ ಸಲಕ್ಕೂ ಹೋಗುವುದು ನಮ್ಮ ದುಡ್ಡು. ನಿಜವಾಗಿ ಬೇಕಾದವರು ಸಂಜೆ ಕೆಲಸ ಮುಗಿಸಿ ಹುಡುಕುವ ಹೊತ್ತಿಗೆ ನಾವು ಅಲ್ಲಿ ಇರುವುದೇ ಇಲ್ಲ.

ಎರಡನೆಯದು, ನಿನಗೆ ಪಾಸ್‌ವರ್ಡ್ ಕೊಟ್ಟದ್ದೇ ನನ್ನ ತಪ್ಪು. ನಾನು ಬರೆದ ತಲೆಬರಹವನ್ನು ಅಳಿಸಿ ‘ಎತ್ತರದ ಘನತೆಯ ಪಾದರಕ್ಷೆ’ ಎಂದು ಹಾಕಿದೆ. ಬಂದವರು ಯಾರು? ಎತ್ತರ ಕಾಣಬೇಕೆಂಬ ಮೂವರು ಗಂಡಸರು. ಅವರಲ್ಲೊಬ್ಬ, ಯಾರಿಗೂ ಗೊತ್ತಾಗದ ಹಾಗೆ ಎರಡಿಂಚು ಏರಿಸಿಕೊಡಿ ಅಂತ ಅರ್ಧ ಗಂಟೆ ನಿನ್ನ ಜೀವ ಹಿಂಡಿದನಂತೆ. ನೀನು ಜನರನ್ನು ಎತ್ತರ ಮಾಡುವವಳಲ್ಲ, ಅವರ ಎರಡು ಕಾಲುಗಳನ್ನು ಸಮ ಮಾಡುವವಳು. ಬಾಗಿಲಿನಿಂದ ಕುರ್ಚಿಯವರೆಗೆ ಒಬ್ಬರು ನಡೆದು ಬಂದರೆ ಸಾಕು, ಯಾವ ಕಾಲಿನ ಅಟ್ಟೆ ಎಷ್ಟು ದಪ್ಪವಿರಬೇಕು ಎಂದು ಕೂತಲ್ಲೇ ಹೇಳಿಬಿಡುತ್ತೀಯ. ಇಂಥ ಕೆಲಸ ಗೊತ್ತಿರುವವಳು ಅದನ್ನು ಬಿಟ್ಟು ಘನತೆ ಎಂದು ಬರೆಯುತ್ತಾಳಲ್ಲ, ನಿನಗೆ ಏನು ಹೇಳಲಿ!

ಹತ್ತು ಸಲ ಹೇಳಿದ್ದನ್ನೇ ಹನ್ನೊಂದನೇ ಸಲ ಹೇಳುತ್ತೇನೆ. ಜಾಹೀರಾತು ಬರೆಯುವುದು ನಮ್ಮನ್ನು ಹೊಗಳಿಕೊಳ್ಳಲು ಅಲ್ಲ. ಹುಡುಕುವವರ ಬಾಯಲ್ಲಿ ಯಾವ ಮಾತಿದೆಯೋ ಆ ಮಾತಿನಲ್ಲೇ ಅವರಿಗೆ ಉತ್ತರ ಕೊಡಬೇಕು. ಪಾದರಕ್ಷೆ ಎಂದು ಯಾರೂ ಹುಡುಕುವುದಿಲ್ಲ. ಅವರು ಏನು ಬರೆದು ಹುಡುಕಿದರು ಎಂದು ವರದಿಯಲ್ಲಿ ಸಾಲುಸಾಲಾಗಿ ಕಾಣುತ್ತದೆ. ‘ಒಂದು ಕಾಲು ಗಿಡ್ಡ ಶೂ’. ‘ಒಂದು ಕಾಲು ಗಿಡ್ಡ ಸೊಂಟ ನೋವು’. ‘ಕುಂಟೋದು ಕಾಣದ ಹಾಗೆ ನಡೆಯೋದು ಹೇಗೆ’. ತಲೆಬರಹಕ್ಕೆ ಮೂವತ್ತು ಅಕ್ಷರದ ಜಾಗವಷ್ಟೇ ಸಿಗುತ್ತದೆ, ಒತ್ತು, ಇಳಿಗಳನ್ನೂ ಬಿಡದೆ ಎಣಿಸುತ್ತಾರೆ. ಆ ಇಕ್ಕಟ್ಟಿನಲ್ಲಿ ನಾನು ಬರೆದದ್ದು ಇಷ್ಟೇ: ‘ಒಂದು ಕಾಲು ಗಿಡ್ಡವೇ? ಬನ್ನಿ’.

ಅದನ್ನು ನೀನು ಎರಡು ಸಲ ಅಳಿಸಿದೆ. ಇಂಥದ್ದನ್ನ ಯಾವ ತಾಯಿ ಹುಡುಕ್ತಾಳೆ, ಆ ಮಾತು ನಮ್ಮನೇಲಿ ಇವತ್ತಿನವರೆಗೂ ಯಾರೂ ಆಡಿಲ್ಲ ಅಂತ ರೇಗಿದೆ. ನಿಜ, ಯಾರೂ ಆಡಿಲ್ಲ. ನನ್ನ ಎಡಗಾಲು ಮೂರು ಸೆಂಟಿಮೀಟರ್ ಗಿಡ್ಡ. ಇದನ್ನು ಹೀಗೆ ಬಿಡಿಸಿ ಬರೆಯುತ್ತಿರುವುದು ಇದೇ ಮೊದಲು. ಮನೆಯಲ್ಲಿ ಅದು ಯಾವಾಗಲೂ ‘ಆ ವಿಷಯ’. ನನ್ನ ಶೂಗೆ ಅಳತೆ ತೆಗೆಯುವಾಗಲೂ ನೀನು ಅದರ ಹೆಸರೆತ್ತುತ್ತಿರಲಿಲ್ಲ. ನೆಂಟರ ಕಣ್ಣು ನನ್ನ ಕಾಲಿನ ಕಡೆ ಹೋದರೆ ನೀನು ಥಟ್ಟನೆ ಬೇರೆ ಮಾತು ತೆಗೆಯುತ್ತಿದ್ದೆ. ನನಗೆ ನೋವಾಗಬಾರದು ಎಂದೇ ಹಾಗೆ ಮಾಡಿದೆ, ನನಗೆ ಗೊತ್ತು.

ಆದರೆ ಅದನ್ನು ಹುಡುಕುವುದು ತಾಯಂದಿರಲ್ಲಮ್ಮಾ, ಮಕ್ಕಳು. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಭೂಗೋಳದ ಪಾಠದ ನೆಪ ಹೇಳಿ ಕೂತು, ಅಕ್ಕಪಕ್ಕ ನೋಡಿ, ನಾನೇ ಆ ಮಾತು ಬರೆದು ಹುಡುಕಿದ್ದೆ. ಮೂಳೆ ಕತ್ತರಿಸಿ ಉದ್ದ ಮಾಡುವ ಆಪರೇಷನ್ನಿನ ಚಿತ್ರ ಬಂತು, ಯಾವುದೋ ತೈಲ ಬಂತು. ಬನ್ನಿ ಎಂದವರು ಒಬ್ಬರೂ ಇರಲಿಲ್ಲ. ಅದೇ ಹೊತ್ತಿಗೆ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ನೀನು ಯಾರದೋ ಕಾಲಿನ ಅಳತೆಗೆ ಶೂ ಹೊಲಿಯುವ ಮರದ ಅಚ್ಚು ಕೆತ್ತುತ್ತಿದ್ದೆ. ನಿನ್ನನ್ನೇ ಕೇಳಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಆಗ ನಿನ್ನ ಮೇಲೆ ಕೋಪವಿತ್ತು. ಈಗಲೂ ಇದೆ.

ಬರುವ ತಿಂಗಳ ಕೊನೆಗೆ ಅಂಗಡಿ ಬಿಟ್ಟುಕೊಡುತ್ತೇನೆ ಎಂದು ಕಟ್ಟಡದ ಮಾಲೀಕರಿಗೆ ಮಾತು ಕೊಟ್ಟಿದ್ದೀಯಂತೆ. ಅದನ್ನೂ ಟೈಲರ್ ಅಕ್ಕನ ಬಾಯಿಂದಲೇ ಕೇಳಬೇಕಾಯಿತು. ನಿನ್ನ ಕೈ ಇನ್ನೂ ನಡುಗುವುದಿಲ್ಲ, ಕಣ್ಣು ಚೆನ್ನಾಗಿದೆ. ಅಂಗಡಿ ಮುಚ್ಚಿದರೆ ವಾರದೊಳಗೆ ಹಾಸಿಗೆ ಹಿಡಿಯುತ್ತೀಯ, ಅದರಲ್ಲಿ ಎರಡು ಮಾತಿಲ್ಲ. ನಿನ್ನ ಕೈಕೆಲಸ ಬೇಕಾದ ಜನ ಇದ್ದಾರೆ, ದಿನಾ ಹುಡುಕುತ್ತಿದ್ದಾರೆ. ಅವರಿಗೆ ನಾವು ಕಾಣಿಸಿದರೆ ಅಂಗಡಿ ಉಳಿಯುತ್ತದೆ. ಆ ಒಂದು ಸಾಲಿಗೆ ಒಪ್ಪಿಗೆ ಕೊಡು. ದೊಡ್ಡ ಉತ್ತರವೇನೂ ಬೇಡ, ಹೂಂ ಎಂದು ಒಂದು ಮೆಸೇಜ್ ಹಾಕು. ಹಾಗೇ ಟೈಲರ್ ಅಕ್ಕನಿಗೂ ಔಷಧಿಯವರಿಗೂ ಮನಸ್ಸಿಗೆ ಬೇಜಾರಾಗದ ಹಾಗೆ ತಿಳಿಸಿ ಹೇಳು. ಪಾಪ, ಅವರು ಒಳ್ಳೆಯದಕ್ಕೇ ಮಾಡಿದ್ದು.

ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮೆ ಕೇಳದ,
ನಿನ್ನ ಮೊಂಡಿ

ತಾ.ಕ.: ಒಪ್ಪಿಗೆ ಕೇಳಿದ್ದು ಬರೀ ನಾಟಕ. ಆ ಸಾಲನ್ನು ಸೋಮವಾರದಿಂದಲೇ ಸಂಜೆ ಹೊತ್ತು ಬೇರೆ ಜಾಹೀರಾತಾಗಿ ಓಡಿಸುತ್ತಿದ್ದೇನೆ, ನನ್ನ ನಂಬರ್ ಕೊಟ್ಟು. ನಿನ್ನೆ ಕಾಲೇಜು ಹುಡುಗಿಯೊಬ್ಬಳು ಫೋನ್ ಮಾಡಿದಳು, ಬರುವ ಗುರುವಾರ ನಾಲ್ಕು ಗಂಟೆಗೆ ನಿನ್ನ ಹತ್ತಿರ ಬರುತ್ತಾಳೆ. ನನ್ನ ಕಾಲೂ ಹೀಗೇ, ಶೂ ಮಾಡೋದು ನಮ್ಮಮ್ಮನೇ ಅಂದೆ. ನೀವು ಅದನ್ನೇ ಹಾಕ್ಕೊಂಡು ಓಡಾಡ್ತೀರಾ ಅಂತ ಕೇಳಿದಳು. ಹೌದು ಎಂದುಬಿಟ್ಟೆ. ಕೆಲಸಕ್ಕೆಂದು ಈ ಊರಿಗೆ ಬಂದ ಮೇಲೆ ನೀನು ವರ್ಷ ವರ್ಷ ಕಳಿಸಿದ ಒಂಬತ್ತು ಜೋಡಿಯೂ ಮಂಚದ ಕೆಳಗೆ ಡಬ್ಬಗಳಲ್ಲೇ ಇವೆ. ಸರಿಯಾಗಿದೆಯಮ್ಮ ಎಂದು ಪ್ರತಿ ಸಲ ಹೇಳಿದ್ದು ಸುಳ್ಳು. ಆಫೀಸಿನವರ ಕಣ್ಣಿಗೆ ಬೀಳುತ್ತದೆ ಎಂದು ನಾಚಿ, ಮಾಮೂಲಿ ಶೂನೊಳಗೆ ಬಟ್ಟೆ ಮಡಚಿ ಇಟ್ಟುಕೊಂಡು ನಡೆಯುತ್ತಿದ್ದೇನೆ. ನಿನ್ನೆ ಫೋನಿಟ್ಟ ಮೇಲೆ ಒಂದೊಂದೇ ಹಾಕಿ ನೋಡಿದೆ, ಯಾವುದೂ ಕಾಲಿಗೆ ಸರಿಹೊಂದಲಿಲ್ಲ. ಬುಧವಾರವೇ ಬರುತ್ತೇನೆ. ಹಳೆಯ ಅಳತೆಯನ್ನು ಹುಡುಕಬೇಡ, ಹೊಸದಾಗಿ ತೆಗೆ. ಎಷ್ಟು ಗಿಡ್ಡ ಎಂದು ನೀನು ಬಾಯಿಬಿಟ್ಟು ಹೇಳು, ನಾನು ಬರೆದುಕೊಳ್ಳುತ್ತೇನೆ.