ನನ್ನ ಗುಳಿಗೆ ಡಬ್ಬಿ ತೆಗೆದಿಟ್ಟುಕೊಂಡ ಆಸ್ಪತ್ರೆಯ ಅಧೀಕ್ಷಕರಿಗೆ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬಂದು, ಯಾರ ಕೈಯನ್ನೂ ಹಿಡಿಯದೆ ನಡೆದು ನಿಮ್ಮ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳು ನಾನು. ಊರಿಗೆ ಮರಳಿದ್ದು ಬಾಡಿಗೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ. ನಡುವೆ ಆದದ್ದಿಷ್ಟು: ನನ್ನ ಪಿತ್ತಕೋಶದ ಕಲ್ಲು ತೆಗೆದಿರಿ, ಜೊತೆಗೆ ನನ್ನ ಪಾರ್ಕಿನ್ಸನ್ ಗುಳಿಗೆಗಳನ್ನೂ ತೆಗೆದಿಟ್ಟುಕೊಂಡಿರಿ. ಕಲ್ಲು ತೆಗೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ಗುಳಿಗೆಗಳ ಬಗ್ಗೆ ಮಾತಾಡುವುದಿದೆ.

ನಾನು ನಿವೃತ್ತ ದೈಹಿಕ ಶಿಕ್ಷಕಿ. ಕಮಲಾಪುರದ ಹೆಣ್ಣುಮಕ್ಕಳಿಗೆ ಖೋ ಖೋ ಆಡಿಸುತ್ತ, ಸೀಟಿ ಊದುತ್ತ ನೌಕರಿ ಮುಗಿಸಿದವಳು. ಪಾರ್ಕಿನ್ಸನ್ ಬಂದು ಕೆಲವು ವರ್ಷಗಳಾದವು. ಬಲಗೈ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು. ಆದರೂ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗಿದರೆ ರೊಟ್ಟಿ ಬಡಿಯುತ್ತಿದ್ದೆ, ನಮ್ಮ ಬಾಳೆತೋಟಕ್ಕೆ ಹೋಗಿಬರುತ್ತಿದ್ದೆ, ಮನೆಯವರೊಡನೆ ಜಗಳವನ್ನೂ ಆಡುತ್ತಿದ್ದೆ. ಈ ರೋಗದಲ್ಲಿ ಗುಳಿಗೆಯ ಹೊತ್ತು ತಪ್ಪಿದರೆ ಮೈ ಕಟ್ಟಿಗೆಯಾಗುತ್ತದೆ. ಇದನ್ನು ವೈದ್ಯರಿಗೆ ನಾನು ಹೇಳಬೇಕೇ? ಹೇಳಬೇಕಾಯಿತು. ದಾಖಲಾದ ದಿನವೇ ಹೇಳಿದೆ. ಸಿಸ್ಟರ್ ನಗುನಗುತ್ತಲೇ ಡಬ್ಬಿ ಇಸಿದುಕೊಂಡು, ಹೊರಗಿನ ಔಷಧಿ ವಾರ್ಡಿನೊಳಗೆ ನಡೆಯುವುದಿಲ್ಲ, ನಾವೇ ಕೊಡುತ್ತೇವೆ ಎಂದರು. ನಂಬಿದೆ. ಜೀವಮಾನವೆಲ್ಲ ಮಕ್ಕಳಿಗೆ ನಿಯಮ ಕಲಿಸಿದವಳು ಇನ್ನೇನು ಮಾಡಿಯಾಳು?

ಶಸ್ತ್ರಚಿಕಿತ್ಸೆಯ ದಿನ ಖಾಲಿಹೊಟ್ಟೆಯಲ್ಲಿರಬೇಕೆಂದು ಗುಳಿಗೆ ಕೊಡಲಿಲ್ಲ. ಮರುದಿನ ಕೇಳಿದರೆ, ಅದು ನಮ್ಮ ಔಷಧಾಲಯದಲ್ಲಿಲ್ಲ, ನಿಮ್ಮ ಡಬ್ಬಿಯಿಂದ ಕೊಡುವಂತಿಲ್ಲ, ದೊಡ್ಡ ಡಾಕ್ಟರು ಬಂದಾಗ ಕೇಳಿ ಎಂಬ ಉತ್ತರ ಬಂತು. ದೊಡ್ಡ ಡಾಕ್ಟರು ಬಂದರು, ಹೊಲಿಗೆ ನೋಡಿದರು, ಚೆನ್ನಾಗಿದೆ ಎಂದರು, ಹೋದರು. ಹೊಲಿಗೆ ಚೆನ್ನಾಗಿಯೇ ಇತ್ತು. ಅದನ್ನು ಹಾಕಿಸಿಕೊಂಡ ಹೆಂಗಸು ಮಾತ್ರ ಮಗ್ಗುಲಾಗಲಾರದೆ ಬಿದ್ದಿದ್ದಳು. ವಾಂತಿ ನಿಲ್ಲಲು ಸೂಜಿ ಚುಚ್ಚಿದಿರಿ. ಅದಾದ ಮೇಲೆ ದವಡೆಯೂ ಬಿಗಿಯಿತು. ವಾಂತಿಯ ಕೆಲವು ಸೂಜಿಗಳು ಪಾರ್ಕಿನ್ಸನ್ ಇದ್ದವರಿಗೆ ಆಗಿಬರುವುದಿಲ್ಲವೆಂದು ಆಮೇಲೆ ಬೇರೆ ಕಡೆ ನರರೋಗದ ಡಾಕ್ಟರು ತಿಳಿಸಿದರು. ನಿಮ್ಮಲ್ಲಿ ಅದನ್ನು ತಿಳಿಸುವವರು ಯಾರೂ ಇರಲಿಲ್ಲವೇ?

ನಂತರ ಜ್ವರ ಬಂತು. ಮೂತ್ರದ ನಳಿಕೆಯಿಂದ ಸೋಂಕು ಏರಿತ್ತು, ಹೊಲಿಗೆಯ ತುದಿಯಲ್ಲೂ ಕೀವಾಯಿತು. ಆ ಜ್ವರದಲ್ಲಿ ವಾರ್ಡಿನ ನಡುವೆ ನನ್ನ ಹುಡುಗಿಯರು ಖೋ ಖೋ ಆಟಕ್ಕೆ ಸಾಲಾಗಿ ಕುಳಿತದ್ದು ಕಂಡಿತು. ಒಬ್ಬಳು ತಪ್ಪು ದಿಕ್ಕಿಗೆ ಓಡುತ್ತಿದ್ದಳು. ತಡೆಯಲು ಎದ್ದೆನಂತೆ, ಸಲಾಯಿನ್ ಕಿತ್ತು ಬಂತಂತೆ. ಮಗ್ಗುಲಾಗಲಾರದವಳಿಗೆ ಆ ಬಲ ಎಲ್ಲಿಂದ ಬಂತೋ ತಿಳಿಯದು. ನನ್ನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿಸಿದಿರಿ.

ಪಕ್ಕದ ಮಂಚದಲ್ಲಿ ನೆಹರು ಗಂಜ್ ಕಡೆಯ ಮಸ್ತಾನಬಿ ಇದ್ದರು, ಅಪೆಂಡಿಕ್ಸ್ ತೆಗೆಸಿಕೊಂಡವರು. ಮೈದಾನದ ಆ ತುದಿಗೆ ಕೇಳುತ್ತಿದ್ದ ನನ್ನ ದನಿ ಆಗ ಉಸಿರಿನಷ್ಟೇ ಉಳಿದಿತ್ತು. ಸಿಸ್ಟರಿಗೆ, ಡಾಕ್ಟರಿಗೆ, ನನ್ನ ಗಂಡನಿಗೂ ಅದು ಬರೀ ಗೊಣಗಾಟ. ಮಸ್ತಾನಬಿ ಹೊಟ್ಟೆ ಹಿಡಿದುಕೊಂಡು ಎದ್ದುಬಂದು ನನ್ನ ಬಾಯಿಯ ಹತ್ತಿರ ಕಿವಿ ಇಟ್ಟರು. ಆಮೇಲೆ ನನ್ನ ಗಂಡ ಪೀರಪ್ಪನವರಿಗೆ ಹೇಳಿದರು: "ಭಯ್ಯಾ, ಅಕ್ಕೋರು ಬಡಬಡಸಲಾಕತ್ತಿಲ್ಲ. ನನ್ನ ಗುಳಗಿ ಕೊಡ್ರಿ ಅಂತ ಕೇಳಲಾಕತ್ತಾರ. ಮೊದಲ ಕೈ ಬಿಚ್ಚರಿ." ಅಷ್ಟಕ್ಕೇ ನಿಲ್ಲದೆ ಗಂಟನ್ನು ತಾವೇ ಬಿಚ್ಚಿದರು.

ಪೀರಪ್ಪನವರು ಯಾರ ಎದುರೂ ದನಿ ಏರಿಸಿದವರಲ್ಲ. ನಿಮ್ಮ ಕೋಣೆಯ ಬಾಗಿಲಿಗೆ ಬಂದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಜವಾನ ಹೊರಗೇ ನಿಲ್ಲಿಸಿದ. ನಿಂತು ನಿಂತು, ಅಲ್ಲಿಂದ ನೇರ ಸ್ಟೇಶನ್ ಬಜಾರಿಗೆ ಹೋಗಿ ಗುಳಿಗೆ ಕೊಂಡುತಂದು, ಎಲ್ಲರ ಕಣ್ಣೆದುರೇ ನನ್ನನ್ನು ಎಬ್ಬಿಸಿ ಕೂರಿಸಿದರು. ಕಿರಿಯ ಡಾಕ್ಟರೊಬ್ಬರು ತಡೆದು, ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದರು.

"ಈಗಾಗಲೇ ಆಗಿದ್ದಕ್ಕ ಯಾರು ಹೊಣಿ ಅಂತ ಹೇಳ್ರಿ ಸಾಹೇಬ್ರ. ಆಮ್ಯಾಲ ಮುಂದ ಆಗೂದು ಮಾತಾಡೂಣು," ಎಂದರು ನನ್ನ ಗಂಡ.

ಆ ಹುಡುಗ ಡಾಕ್ಟರು ಯಾರಿಗೋ ಫೋನು ಮಾಡಿ ಕೇಳಿ, ಗುಳಿಗೆಯನ್ನು ನನ್ನ ಚಿಕಿತ್ಸೆಯ ಹಾಳೆಯಲ್ಲಿ ತಾವೇ ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಂಜೆಯ ಹೊತ್ತಿಗೆ ನನ್ನ ಹೆಸರು ಹೇಳಿದೆ, ಚಹಾ ಕೇಳಿದೆ. ಮಸ್ತಾನಬಿ ಅಳುತ್ತಿದ್ದರು.

ಸೋಂಕು ಇಳಿಯಿತು. ನಾನು ಮಾತ್ರ ಮೊದಲಿನಂತಾಗಲಿಲ್ಲ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಕೂಡಬೇಕೆನಿಸುತ್ತದೆ. ಚರ್ಮದೊಳಗೆ ಯಾರೋ ಅವಸರ ಮಾಡುತ್ತಿದ್ದಾರೆ. ಹೊಸ್ತಿಲಿಗೆ ಬಂದರೆ ಪಾದಗಳು ನೆಲಕ್ಕೆ ಅಂಟುತ್ತವೆ. ಆಗ ನನ್ನ ಗಂಡ ಎದುರು ನಿಂತು ಚಪ್ಪಾಳೆ ತಟ್ಟಿ, ಎಡ, ಬಲ ಎಂದು ಕವಾಯತಿನ ಆಜ್ಞೆ ಕೊಡುತ್ತಾರೆ. ಕಾಲು ಕೇಳುತ್ತದೆ. ಅವರ ಲಯ ಕೆಟ್ಟದು, ತಿದ್ದುತ್ತಲೇ ನಡೆಯುತ್ತೇನೆ. ಗುಂಡಿ ಹಾಕಿಕೊಳ್ಳಲಾಗದೆ ಕುಪ್ಪಸ ಬಿಟ್ಟು ನೈಟಿಗೆ ಬಂದಿದ್ದೇನೆ. ಈ ಪತ್ರವನ್ನೂ ಪಡಸಾಲೆಯಲ್ಲಿ ಗೋಡೆ ಹಿಡಿದು ತಿರುಗಾಡುತ್ತಲೇ ಹೇಳುತ್ತಿದ್ದೇನೆ. ಬರೆಯುತ್ತಿರುವವಳು ತಂಗಿ ಶೀಲಾ. ಒಂದೆರಡು ಕಟು ಮಾತು ಬರೆಯದೆ ಬಿಟ್ಟಿದ್ದಾಳೆ, ನಿಮ್ಮ ಅದೃಷ್ಟ.

ಎಲ್ಲವೂ ನಿಮ್ಮಿಂದಲೇ ಆಯಿತೆನ್ನುವುದಿಲ್ಲ. ರೋಗ ತಾನಾಗಿಯೂ ಮುಂದುವರಿಯುತ್ತದೆ, ಸೋಂಕು ಯಾರಿಗೂ ತಗಲಬಹುದು. ಆದರೆ ಗುಳಿಗೆ ಡಬ್ಬಿ ತಾನಾಗಿ ನಡೆದು ಹೋಗಲಿಲ್ಲ. ನಾವು ದೂರು ಕೊಟ್ಟಾಗ ನಿಮ್ಮ ಕಚೇರಿ, ನಿಯಮಾನುಸಾರ ಚಿಕಿತ್ಸೆ ನೀಡಲಾಗಿದೆ, ರೋಗಿಯು ಸಹಕರಿಸಿರುವುದಿಲ್ಲ ಎಂದು ಉತ್ತರಿಸಿತು. ಕೈ ಕಟ್ಟಿಸಿಕೊಂಡು ಮಲಗುವುದಕ್ಕಿಂತ ಹೆಚ್ಚಿನ ಸಹಕಾರ ಯಾವುದು ಸ್ವಾಮಿ? ನಿಮ್ಮ ನಿಯಮ ಕಾಪಾಡಿದ್ದು ಯಾರನ್ನು?

ನನ್ನ ಬೇಡಿಕೆ ದೊಡ್ಡದೇನಲ್ಲ. ಪಾರ್ಕಿನ್ಸನ್ ರೋಗಿಯ ಗುಳಿಗೆ ಅವರ ಬಳಿಯೇ ಇರಲಿ. ಇಲ್ಲವಾದರೆ ಹೊತ್ತಿಗೆ ಕೊಡುವ ಹೊಣೆಯನ್ನು ವಾರ್ಡಿನಲ್ಲಿ ಒಬ್ಬರು ಹೊರಲಿ. ಖಾಲಿಹೊಟ್ಟೆಯ ದಿನ ಏನು ಮಾಡಬೇಕೆಂದು ನರರೋಗ ವೈದ್ಯರನ್ನು ಮೊದಲೇ ಕೇಳಿ. ಯಾವ ಸೂಜಿ ಕೂಡದೆಂದು ಮಂಚದ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ರೋಗಿ ಏನೋ ಗೊಣಗಿದರೆ ಬಗ್ಗಿ ಕೇಳಿಸಿಕೊಳ್ಳಿ.

ಇದಕ್ಕೆ ಅವಸರವಿದೆ. ಕೀವಾದ ಹೊಲಿಗೆಯ ಜಾಗ ಈಗ ಉಬ್ಬಿ ಹರ್ನಿಯಾ ಆಗಿದೆ, ಮತ್ತೆ ಕೊಯ್ಯಬೇಕಂತೆ. ನಮ್ಮ ಕೈಗೆಟಕುವ ದೊಡ್ಡಾಸ್ಪತ್ರೆ ನಿಮ್ಮದೊಂದೇ. ಹಾಗಾಗಿ ಬರುತ್ತಿದ್ದೇನೆ. ಇಷ್ಟು ಹೊತ್ತು ವ್ಯಂಗ್ಯವಾಡಿದ್ದು ಹೆದರಿಕೆ ಮುಚ್ಚಿಕೊಳ್ಳಲು. ಅದೂ ಈಗ ಸಾಕಾಯಿತು. ನನಗೆ ತುಂಬ ಹೆದರಿಕೆಯಾಗಿದೆ. ಅರಿವಳಿಕೆ ಕೊಟ್ಟ ಮೇಲೆ ನಾನು ಏನನ್ನೂ ಕೇಳಲಾರೆ. ಗುಳಿಗೆ ಹೊತ್ತಿಗೆ ಕೊಡುತ್ತೀರೋ ಇಲ್ಲವೋ ಎಂಬುದರ ಉತ್ತರವನ್ನು ಅದಕ್ಕೆ ಮೊದಲೇ, ನನ್ನ ಮುಖ ನೋಡಿ, ನೀವೇ ಹೇಳಬೇಕು.

ಇಂತಿ,
ಬೇರೆ ದಾರಿಯಿಲ್ಲದೆ ನಿಮ್ಮಲ್ಲಿಗೇ ಮರಳುತ್ತಿರುವ
ಸುನಂದಾ
ಕಮಲಾಪುರ